ಬೀಟಾ ಕೋಶದ ಕ್ಯಾಲ್ಸಿಯಂ ಅಳೆಯುವ ಕ್ರಮ: ಇನ್ಸುಲಿನ್ ಸರಪಳಿ ಕಡಿದದ್ದು ಎಲ್ಲಿ?

ಎರಡು ದಿನ ಪಾಲ್ಮಿಟೇಟ್ ಎಂಬ ಕೊಬ್ಬಿನಾಮ್ಲದಲ್ಲಿ ಇಟ್ಟ, ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳಿಗೆ ಗ್ಲೂಕೋಸ್ ಕೊಡುತ್ತೀರಿ. ಕೋಶದೊಳಗಿನ ಕ್ಯಾಲ್ಸಿಯಂ ತೋರಿಸುವ, ಪರದೆಯ ಮೇಲಿನ ಗೆರೆ ಏಳುವುದಿಲ್ಲ. ಮಧುಮೇಹದ ಮಾದರಿ ಕೈಗೂಡಿತು ಎಂದು ಖುಷಿಪಡುವ ಮೊದಲು ಸ್ವಲ್ಪ ತಡೆಯಿರಿ. ಡಿಶ್ 29 ಡಿಗ್ರಿಗೆ ತಣಿದಿದ್ದರೂ, ಕ್ಯಾಲ್ಸಿಯಂ ತೋರಿಸುವ ಡೈ ತೇವ ಹಿಡಿದು ಹಾಳಾಗಿದ್ದರೂ, ಕೋಶಗಳ ಪ್ಯಾಸೇಜ್ (ಹೊಸ ಡಿಶ್‌ಗೆ ಬದಲಿಸಿ ಬೆಳೆಸಿದ ಸಲ) ಮಿತಿಮೀರಿದ್ದರೂ ಗೆರೆ ಹೀಗೆಯೇ ಮಲಗಿರುತ್ತದೆ. ಗ್ಲೂಕೋಸ್ ಒಂದನ್ನೇ ಕೊಟ್ಟು ಪ್ರಯೋಗ ಮುಗಿಸಿದವರಿಗೆ ಇವುಗಳ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ಗ್ಲೂಕೋಸಿನಿಂದ ಇನ್ಸುಲಿನ್ ತನಕದ ಸರಪಳಿಯ ಒಂದೊಂದು ಕೊಂಡಿಯನ್ನೂ ಬೇರೆ ಬೇರೆ ಔಷಧಿಯಿಂದ ತಟ್ಟಿ ನೋಡಬೇಕು. ಕೊಣಾಜೆ, ದೇರಳಕಟ್ಟೆ, ಮಣಿಪಾಲದ ಕಡೆ ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರಿಗಾಗಿ, ಕರಾವಳಿಯ ಸೆಕೆಯನ್ನೂ ಮಳೆಯನ್ನೂ ಲೆಕ್ಕಕ್ಕೆ ಹಿಡಿದು ಈ ಕ್ರಮವನ್ನು ಬರೆದಿದ್ದೇವೆ.

ಮೊದಲು ಸರಪಳಿ

ಗ್ಲೂಕೋಸ್ ಕೋಶದೊಳಗೆ ಹೋಗುವುದು ಮೌಸ್ ಮತ್ತು ರ‍್ಯಾಟ್‌ಗಳಲ್ಲಿ ಗ್ಲೂಟ್-2 ಎಂಬ ವಾಹಕದ ಮೂಲಕ, ಮನುಷ್ಯರಲ್ಲಿ ಹೆಚ್ಚಾಗಿ ಗ್ಲೂಟ್-1 ಮೂಲಕ. ಗ್ಲೂಕೋಕೈನೇಸ್ ಎಂಬ ಎಂಜೈಮ್ ಅದಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಮುಂದೆ ಮೈಟೋಕಾಂಡ್ರಿಯಾ ಎಟಿಪಿ ಎಂಬ ಶಕ್ತಿಯ ಅಣುವನ್ನು ಮಾಡುತ್ತದೆ. ಎಟಿಪಿ ಏರಿ ಎಡಿಪಿ ಇಳಿದಾಗ ಕೆ-ಎಟಿಪಿ ಎಂಬ ಪೊಟ್ಯಾಸಿಯಂ ಚಾನೆಲ್ ಮುಚ್ಚುತ್ತದೆ. ಪೊಟ್ಯಾಸಿಯಂ ಹೊರಗೆ ಹೋಗಲಾರದೆ ಪೊರೆಯ ವೋಲ್ಟೇಜ್ ಮೈನಸ್ 70 ಮಿಲಿವೋಲ್ಟ್ ಆಸುಪಾಸಿನಿಂದ ಮೇಲೇರುತ್ತದೆ, ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲ್ ತೆರೆಯುತ್ತದೆ. ಹೊರಗಿನ ಕ್ಯಾಲ್ಸಿಯಂ 1ರಿಂದ 2.5 ಮಿಲಿಮೋಲಾರ್, ಒಳಗಿನದು 100 ನ್ಯಾನೋಮೋಲಾರ್ ಹತ್ತಿರ. ಹತ್ತು ಸಾವಿರ ಪಟ್ಟಿನ ಈ ಅಂತರವೇ ಕ್ಯಾಲ್ಸಿಯಂ ಅನ್ನು ಒಳಗೆ ನುಗ್ಗಿಸುತ್ತದೆ. ಚಾನೆಲ್ಲಿನ ಬುಡದಲ್ಲೇ ಕಾದು ಕುಳಿತ ಇನ್ಸುಲಿನ್ ಗ್ರಾನ್ಯೂಲ್‌ಗಳು ಪೊರೆಗೆ ಕೂಡಿಕೊಂಡು ತೆರೆದುಕೊಳ್ಳುತ್ತವೆ.

ಈ ಸರಪಳಿಗೆ ಎಲ್ಲೆಲ್ಲಿ ಕೈಹಾಕಬಹುದು ನೋಡಿ. ಗ್ಲೂಕೋಸ್ ಇಡೀ ಸರಪಳಿಯನ್ನು ಪರೀಕ್ಷಿಸುತ್ತದೆ. ಟೋಲ್ಬ್ಯುಟಮೈಡ್ ಕೆ-ಎಟಿಪಿ ಚಾನೆಲ್ಲನ್ನು ನೇರವಾಗಿ ಮುಚ್ಚುವುದರಿಂದ ಗ್ಲೂಕೋಕೈನೇಸ್, ಮೈಟೋಕಾಂಡ್ರಿಯಾಗಳನ್ನು ದಾಟಿ ಹೋಗುತ್ತದೆ. ಡಯಜಾಕ್ಸೈಡ್ ಆ ಚಾನೆಲ್ಲನ್ನು ಬಲವಂತವಾಗಿ ತೆರೆದಿಡುತ್ತದೆ. ಅದರ ಜೊತೆಗೆ 30 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟರೆ ಕ್ಯಾಲ್ಸಿಯಂ ಚಾನೆಲ್ ಒಂದನ್ನೇ ತಟ್ಟಿದಂತೆ. ಕೊನೆಯ ಅಯೊನೊಮೈಸಿನ್ ಕ್ಯಾಲ್ಸಿಯಂ ಅನ್ನು ಪೊರೆ ದಾಟಿಸಿ ಬಿಡುತ್ತದೆ. ಅಲ್ಲಿ ಪರೀಕ್ಷೆಯಾಗುವುದು ನಿಮ್ಮ ಡೈ ಮಾತ್ರ.

ಕೋಶಗಳು

ಮೊದಲ ಸಲಕ್ಕೆ ಐನ್ಸ್-1 832/13 ಎಂಬ ರ‍್ಯಾಟ್ ಕೋಶಗಳು ಸಾಕು. ಮೌಸ್ ಐಲೆಟ್ (ಮೇದೋಜೀರಕ ಗ್ರಂಥಿಯಲ್ಲಿ ಬೀಟಾ ಕೋಶಗಳಿರುವ ಗುಂಪು) ಇನ್ನೂ ಒಳ್ಳೆಯದು, ಆದರೆ ಅದಕ್ಕೆ ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಅನುಮತಿ ಬೇಕು, ಐಲೆಟ್ ಬಿಡಿಸಿಕೊಳ್ಳಲು ಕೊಲಾಜಿನೇಸ್ ಎಂಜೈಮ್ ಹಾಕುವ ಕೈ ಪಳಗಬೇಕು. ಮೀಡಿಯಂ ಎಂದರೆ 11.1 ಮಿಲಿಮೋಲಾರ್ ಗ್ಲೂಕೋಸ್ ಇರುವ ಆರ್‌ಪಿಎಂಐ 1640. ಅದಕ್ಕೆ ಶೇ 10 ಸೀರಂ, 10 ಮಿಲಿಮೋಲಾರ್ ಹೆಪಿಸ್, 2 ಮಿಲಿಮೋಲಾರ್ ಗ್ಲುಟಮಿನ್, 1 ಮಿಲಿಮೋಲಾರ್ ಸೋಡಿಯಂ ಪೈರುವೇಟ್ ಮತ್ತು 50 ಮೈಕ್ರೋಮೋಲಾರ್ ಮರ್ಕ್ಯಾಪ್ಟೊಎಥನಾಲ್ ಸೇರಿಸಿ. ಕೊನೆಯದು ಲೀಟರಿಗೆ ಬರೀ 3.5 ಮೈಕ್ರೋಲೀಟರ್. ವಾಸನೆಗೆ ಹೇಸಿ ಅದನ್ನು ಬಿಟ್ಟರೆ ಕೋಶಗಳು ಸೊರಗುತ್ತವೆ.

ಪ್ಯಾಸೇಜ್ ಏರಿದ ಹಾಗೆ ಗ್ಲೂಕೋಸಿಗೆ ಓಗೊಡುವ ಗುಣ ಕುಗ್ಗುತ್ತದೆ. ತಂದ ಕೂಡಲೇ ಬೆಳೆಸಿ ಇಪ್ಪತ್ತು ವಯಲ್ ಫ್ರೀಜ್ ಮಾಡಿಡಿ. ತಿಂಗಳಿಗೊಮ್ಮೆ 2.8 ಮತ್ತು 16.7 ಮಿಲಿಮೋಲಾರ್ ಗ್ಲೂಕೋಸಿನಲ್ಲಿ ಇನ್ಸುಲಿನ್ ಅಳೆಯಿರಿ. ಎರಡರ ಅಂತರ ಮೂರು ಪಟ್ಟಿಗಿಂತ ಕೆಳಗಿಳಿದ ಬ್ಯಾಚನ್ನು ನಾವಾದರೆ ಬಿಸಾಡುತ್ತೇವೆ. ಆಗಲೇ ಬಳಲಿದ ಕೋಶಕ್ಕೆ ಪಾಲ್ಮಿಟೇಟ್ ಕೊಟ್ಟು ಏನನ್ನು ತೋರಿಸುವುದು?

ಪ್ರಯೋಗಕ್ಕೆ 48 ಗಂಟೆ ಮೊದಲು, ಪಾಲಿ-ಲೈಸಿನ್ ಹಚ್ಚಿದ ಗಾಜಿನ ತಳದ ಡಿಶ್‌ಗಳಲ್ಲಿ ಶೇ 60ರಿಂದ 70 ತುಂಬುವಷ್ಟು ಕೋಶ ಹಾಕಿ. ಪ್ಲಾಸ್ಟಿಕ್ ತಳ ಬೇಡ, ಅದು 340 ನ್ಯಾನೋಮೀಟರ್ ಬೆಳಕನ್ನು ತಿಂದು ಹಾಕುತ್ತದೆ. ಆಬ್ಜೆಕ್ಟಿವ್ ಕೂಡ ಆ ಬೆಳಕನ್ನು ಬಿಡುವ ಫ್ಲೂರ್ ಜಾತಿಯದಾಗಿರಬೇಕು. ದುಬಾರಿ ಪ್ಲಾನ್ ಅಪೊಕ್ರೊಮ್ಯಾಟ್ ಹಾಕಿ 340ರ ಚಿತ್ರ ಕಪ್ಪಾಗಿದೆ ಎಂದು ಗಂಟೆಗಟ್ಟಲೆ ತಲೆಕೆಡಿಸಿಕೊಳ್ಳುವವರು ಎಲ್ಲ ಕಡೆ ಇದ್ದಾರೆ.

ಪಾಲ್ಮಿಟೇಟ್ ದ್ರಾವಣ

27.8 ಮಿಲಿಗ್ರಾಂ ಸೋಡಿಯಂ ಪಾಲ್ಮಿಟೇಟನ್ನು 1 ಮಿಲಿಲೀಟರ್ ಶೇ 50 ಎಥನಾಲಿನಲ್ಲಿ 70 ಡಿಗ್ರಿಗೆ ಕಾಯಿಸಿ ಕರಗಿಸಿ. ಇದು 100 ಮಿಲಿಮೋಲಾರ್. ಇನ್ನೊಂದು ಟ್ಯೂಬಿನಲ್ಲಿ 0.55 ಗ್ರಾಂ ಕೊಬ್ಬಿನಾಮ್ಲ ತೆಗೆದ ಬಿಎಸ್‌ಎಯನ್ನು (ದನದ ರಕ್ತದ ಆಲ್ಬುಮಿನ್) ಸೀರಂ ಇಲ್ಲದ ಮೀಡಿಯಂನಲ್ಲಿ ಕರಗಿಸಿ 9.5 ಮಿಲಿಲೀಟರಿಗೆ ತಂದು 37 ಡಿಗ್ರಿಯಲ್ಲಿಡಿ. ಬಿಸಿ ಪಾಲ್ಮಿಟೇಟಿನ 0.5 ಮಿಲಿಲೀಟರನ್ನು ಬಿಎಸ್‌ಎಗೆ ಹನಿಹನಿಯಾಗಿ ಬಿಡುತ್ತಾ ಅಲುಗಾಡಿಸಿ, ಒಂದು ಗಂಟೆ 37 ಡಿಗ್ರಿಯಲ್ಲಿ ಬಿಡಿ. ಸಿಕ್ಕುವುದು 5 ಮಿಲಿಮೋಲಾರ್ ಪಾಲ್ಮಿಟೇಟ್, ಬಿಎಸ್‌ಎಗೆ ಸುಮಾರು 6:1 ಪ್ರಮಾಣದಲ್ಲಿ. ಮೀಡಿಯಂಗೆ ಹತ್ತರಲ್ಲೊಂದು ಪಾಲು ಹಾಕಿದರೆ 0.5 ಮಿಲಿಮೋಲಾರ್ ಆಗುತ್ತದೆ.

ಗಂಜಿ ತಿಳಿಯಂತೆ ಬಿಳಿಚಿ ನಿಂತರೆ ಕೊಬ್ಬು ಬಿಎಸ್‌ಎಗೆ ಅಂಟಿಲ್ಲ. ಬಹುತೇಕ ಸಲ ಕಾರಣ ಒಂದೇ, ಪಾಲ್ಮಿಟೇಟ್ ತುಂಬಿದ ಟಿಪ್ ಎಸಿ ಗಾಳಿಗೆ ತಣಿದು ಅಲ್ಲೇ ಸೋಪಾಗಿ ಕಟ್ಟಿರುತ್ತದೆ. ಟಿಪ್‌ಗಳನ್ನೂ ಬೆಚ್ಚಗಿಡಿ. ಕಂಟ್ರೋಲ್ ಡಿಶ್‌ಗೆ ಅದೇ ಬಿಎಸ್‌ಎ, ಅದೇ ಎಥನಾಲ್ ಹೋಗಬೇಕು. ಪಾಲ್ಮಿಟೇಟ್ ಜೊತೆ ಗ್ಲೂಕೋಸನ್ನು 20 ಮಿಲಿಮೋಲಾರಿಗೆ ಏರಿಸಿ 48 ಗಂಟೆ ಇಡಿ. ಅಳೆಯುವ ಮೊದಲು ಪಾಲ್ಮಿಟೇಟನ್ನು ಚೆನ್ನಾಗಿ ತೊಳೆಯದಿದ್ದರೆ ಉತ್ತರ ತಲೆಕೆಳಗಾಗುತ್ತದೆ. ಕೊಬ್ಬಿನಾಮ್ಲ ಒಂದೆರಡು ಗಂಟೆಯ ಮಟ್ಟಿಗೆ ಜಿಪಿಆರ್-40 ಎಂಬ ಗ್ರಾಹಕವನ್ನು ಕೆರಳಿಸಿ ಇನ್ಸುಲಿನನ್ನು ಹೆಚ್ಚಿಸುತ್ತದೆ, ದಿನಗಟ್ಟಲೆ ಇದ್ದರೆ ತಗ್ಗಿಸುತ್ತದೆ.

ಬಫರ್

ಕ್ರೆಬ್ಸ್-ಹೆಪಿಸ್ ಬಫರ್ 1 ಲೀಟರಿಗೆ: ಸೋಡಿಯಂ ಕ್ಲೋರೈಡ್ 7.54 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.35, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.163, ಏಳು ನೀರಿನ ಮೆಗ್ನೀಸಿಯಂ ಸಲ್ಫೇಟ್ 0.296, ಸೋಡಿಯಂ ಬೈಕಾರ್ಬನೇಟ್ 0.42, ಹೆಪಿಸ್ 2.38. ಪಿಎಚ್ 7.4ಕ್ಕೆ ತಂದ ಮೇಲೆ, ಕಟ್ಟಕಡೆಗೆ, 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಿಂದ 2.5 ಮಿಲಿಲೀಟರ್ ಹಾಕಿ. ಮೊದಲೇ ಹಾಕಿದರೆ ಫಾಸ್ಫೇಟ್ ಜೊತೆ ಸೇರಿ ತಳದಲ್ಲಿ ಬಿಳಿ ಪುಡಿ ಕೂರುತ್ತದೆ, ನಿಮ್ಮ ಕ್ಯಾಲ್ಸಿಯಂ ಎಷ್ಟೆಂದು ದೇವರಿಗೇ ಗೊತ್ತು.

ಕ್ಯಾಲ್ಸಿಯಂ ಕ್ಲೋರೈಡನ್ನು ಪುಡಿಯಾಗಿ ತೂಗಬೇಡಿ ಎನ್ನುವುದಕ್ಕೆ ಕಾರಣ ನಮ್ಮ ಮಳೆಗಾಲ. ಜೂನಿನಿಂದ ಸೆಪ್ಟೆಂಬರ್ ತನಕ ಡಬ್ಬಿಯ ಮುಚ್ಚಳ ತೆರೆದರೆ ಸಾಕು, ಪುಡಿ ಮುದ್ದೆಯಾಗುತ್ತದೆ. ಆಗ ನೀವು ತೂಗಿದ್ದರಲ್ಲಿ ನೀರಿನ ಪಾಲು ಎಷ್ಟು ಎಂದು ಹೇಳಲಾಗದು. ಸಿದ್ಧ ದ್ರಾವಣದ ಬಾಟಲಿಯನ್ನೇ ಕೊಳ್ಳಿ.

ಗ್ಲೂಕೋಸಿಗೆ 1 ಮೋಲಾರ್ ಸ್ಟಾಕ್, ಅಂದರೆ 10 ಮಿಲಿಲೀಟರಿಗೆ 1.80 ಗ್ರಾಂ. 50 ಮಿಲಿಲೀಟರ್ ಬಫರಿಗೆ 140 ಮೈಕ್ರೋಲೀಟರ್ ಹಾಕಿದರೆ 2.8 ಮಿಲಿಮೋಲಾರ್, 835 ಹಾಕಿದರೆ 16.7. ಕಡಿಮೆ ಗ್ಲೂಕೋಸಿನ ಬಫರಿಗೆ 13.9 ಮಿಲಿಮೋಲಾರ್ ಮ್ಯಾನಿಟಾಲ್ ಸೇರಿಸಿ, ಇಲ್ಲವಾದರೆ ಬರೀ ಸಾಂದ್ರತೆಯ ಬದಲಾವಣೆಗೇ ಕೋಶ ಕುಗ್ಗಿ ಗೆರೆ ಅಲುಗುತ್ತದೆ. ಪೊಟ್ಯಾಸಿಯಂ ಬಫರಿನಲ್ಲೂ ಅದೇ ಲೆಕ್ಕ: ಎಷ್ಟು ಪೊಟ್ಯಾಸಿಯಂ ಕ್ಲೋರೈಡ್ ಏರಿಸಿದಿರೋ ಅಷ್ಟು ಸೋಡಿಯಂ ಕ್ಲೋರೈಡ್ ಇಳಿಸಬೇಕು. ಬಿಎಸ್‌ಎಯನ್ನು ಇನ್ಸುಲಿನ್ ಅಳೆಯುವ ಬಫರಿಗೆ ಮಾತ್ರ ಶೇ 0.1 ಹಾಕಿ. ಚಿತ್ರೀಕರಣದ ಬಫರಿನಲ್ಲಿ ಅದು ನೊರೆ ಎಬ್ಬಿಸುತ್ತದೆ.

ಡೈ ತುಂಬುವುದು

ಫ್ಯೂರಾ-2 ಎಎಂ ಎಂಬ ಕ್ಯಾಲ್ಸಿಯಂ ಡೈ 50 ಮೈಕ್ರೋಗ್ರಾಂನ ವಯಲ್‌ಗಳಲ್ಲಿ ಬರುತ್ತದೆ. ಫ್ರೀಜರಿನಿಂದ ತೆಗೆದ ವಯಲನ್ನು ಕೂಡಲೇ ತೆರೆಯಬೇಡಿ. ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ಅರ್ಧ ಗಂಟೆ ಹಾಗೇ ಬಿಡಿ. ತಣ್ಣಗಿನ ವಯಲಿನ ಮುಚ್ಚಳ ಇಲ್ಲಿನ ಗಾಳಿಯಲ್ಲಿ ತೆರೆದರೆ ಒಳಗೋಡೆಯ ಮೇಲೆ ಬೆವರು ಮೂಡುವುದನ್ನು ಕಣ್ಣಾರೆ ಕಾಣಬಹುದು. ಆ ನೀರು ಡೈಯ ಎಸ್ಟರ್ ಕೊಂಡಿಯನ್ನು ಟ್ಯೂಬಿನಲ್ಲೇ ಕಡಿಯುತ್ತದೆ. ಕಡಿದ ಡೈ ಕೋಶದೊಳಗೆ ಹೋಗುವುದಿಲ್ಲ, ಹೊರಗೇ ಉಳಿದು ಹಿನ್ನೆಲೆಯಾಗಿ ಹೊಳೆಯುತ್ತದೆ. ಡೈ ಕರಗಿಸುವ ಡಿಎಂಎಸ್‌ಒ ಕೂಡ ತೇವ ಹೀರುವಂಥದು, ಸಣ್ಣ ಸೀಲ್ಡ್ ಆಂಪೂಲ್ ತರಿಸಿ. ಡ್ರೈ ಐಸಿನಲ್ಲಿ ಬರಬೇಕಾದ ಸಾಮಾನುಗಳನ್ನು ಮೇ ಮಧ್ಯದೊಳಗೆ ತರಿಸಿಕೊಂಡರೆ ಕ್ಷೇಮ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಬೆಂಗಳೂರಿನ ಪಾರ್ಸೆಲ್ ಎರಡು ದಿನ ತಡವಾದರೆ ಒಳಗೆ ಐಸ್ ಉಳಿದಿರುವುದಿಲ್ಲ.

ವಯಲಿಗೆ 50 ಮೈಕ್ರೋಲೀಟರ್ ಡಿಎಂಎಸ್‌ಒ ಹಾಕಿದರೆ 1 ಮಿಲಿಮೋಲಾರ್. ಅದರಲ್ಲಿ 2 ಮೈಕ್ರೋಲೀಟರನ್ನು, ಡೈ ಬಫರಿನಲ್ಲಿ ಬೆರೆಯಲು ನೆರವಾಗುವ ಶೇ 20ರ ಪ್ಲೂರಾನಿಕ್ ಎಫ್-127 ದ್ರಾವಣದ 1 ಮೈಕ್ರೋಲೀಟರ್ ಜೊತೆ ಮೊದಲು ಬೆರೆಸಿ. ಆಮೇಲೆ 2.8 ಮಿಲಿಮೋಲಾರ್ ಗ್ಲೂಕೋಸಿನ 1 ಮಿಲಿಲೀಟರ್ ಬಫರ್ ಸುರಿದು ವೋರ್ಟೆಕ್ಸ್ ಮಾಡಿ. ಕತ್ತಲಲ್ಲಿ 30 ನಿಮಿಷ, ಎರಡು ಸಲ ತೊಳೆತ, ಮತ್ತೆ 20 ನಿಮಿಷ ಬಿಡುವು. ಪುಸ್ತಕಗಳು ಕೋಣೆಯ ತಾಪದಲ್ಲಿ ಡೈ ತುಂಬಿ ಎನ್ನುತ್ತವೆ, ಹಾಗೆ ಮಾಡಿದರೆ ಅದು ಮೈಟೋಕಾಂಡ್ರಿಯಾಗಳಿಗೆ ನುಸುಳುವುದು ಕಡಿಮೆ ಎಂಬ ಕಾರಣಕ್ಕೆ. ಅವರ ಕೋಣೆ 22 ಡಿಗ್ರಿ. ಏಪ್ರಿಲ್ ಮಧ್ಯಾಹ್ನದ ಮಂಗಳೂರಿನ ಕೋಣೆ 32. ಆದ್ದರಿಂದ ತಾಪವನ್ನು ಅಂಕಿಯಲ್ಲಿ ನಿಗದಿಮಾಡಿ, ವರ್ಷವಿಡೀ ಅದನ್ನೇ ಪಾಲಿಸಿ.

ಹೊಳಪು ಸಾಲದೆಂದು 5 ಮೈಕ್ರೋಮೋಲಾರಿಗೆ ಏರಿಸುವ ಆಸೆ ಬರುತ್ತದೆ. ಡೈ ಎಂದರೆ ಕ್ಯಾಲ್ಸಿಯಂ ಹಿಡಿದಿಡುವ ವಸ್ತು ಎಂಬುದನ್ನು ಮರೆಯಬಾರದು. ಅತಿಯಾಗಿ ತುಂಬಿದರೆ ಅದೇ ಏರಿಳಿತಗಳನ್ನು ನುಂಗಿ ಆರೋಗ್ಯವಂತ ಕೋಶವನ್ನೂ ರೋಗಿಯಂತೆ ತೋರಿಸುತ್ತದೆ.

ಚಿತ್ರೀಕರಣ

340 ಮತ್ತು 380 ನ್ಯಾನೋಮೀಟರಿನಲ್ಲಿ ಬೆಳಗಿಸಿ 510ರಲ್ಲಿ ಹಿಡಿಯಿರಿ, ಎರಡು ಸೆಕೆಂಡಿಗೊಂದು ಜೋಡಿ. ದ್ರಾವಣ ನಿಮಿಷಕ್ಕೆ 1 ಮಿಲಿಲೀಟರ್ ಹರಿಯಲಿ. ಐನ್ಸ್-1 ಕೋಶಗಳ ಹಿಡಿತ ಸಡಿಲ, ಇದಕ್ಕಿಂತ ಜೋರಾದರೆ ಹಾಳೆಹಾಳೆಯಾಗಿ ಏಳುತ್ತವೆ. ಹೊಸ ದ್ರಾವಣ ಡಿಶ್ ತಲುಪಲು ಎಷ್ಟು ಹೊತ್ತು ಬೇಕೆಂದು ಮೊದಲ ದಿನವೇ ಒಂದು ಹನಿ ಫುಡ್ ಕಲರ್ ಬಿಟ್ಟು ನೋಡಿಡಿ. ಅರ್ಧ ಮಿಲಿಲೀಟರಿನ ಚೇಂಬರ್ ಪೂರ್ತಿ ಬದಲಾಗಲು ಒಂದೂವರೆ ನಿಮಿಷವಾದರೂ ಹಿಡಿಯುತ್ತದೆ, ಕೊಳವೆಯ ಉದ್ದದ ತಡ ಬೇರೆ. ಇದನ್ನು ಕಳೆಯದೆ ಪಾಲ್ಮಿಟೇಟ್ ಕೋಶ ತಡವಾಗಿ ಓಗೊಟ್ಟಿತು ಎನ್ನುವಂತಿಲ್ಲ.

ತಾಪದ ವಿಷಯದಲ್ಲಿ ರಿಯಾಯಿತಿ ಇಲ್ಲ. ಪೊಟ್ಯಾಸಿಯಂ ಪ್ರತಿಕ್ರಿಯೆ ತಣ್ಣಗಿನ ಡಿಶ್‌ನಲ್ಲೂ ಬರುತ್ತದೆ. ಗ್ಲೂಕೋಸಿನ ಪ್ರತಿಕ್ರಿಯೆ ಬರುವುದಿಲ್ಲ, ಏಕೆಂದರೆ ಅದು ಎಂಜೈಮುಗಳ ದಾರಿಯಾಗಿ ಬರಬೇಕು. ಹೀಗಾಗಿ ತಣಿದ ಡಿಶ್ ಮೈಟೋಕಾಂಡ್ರಿಯಾ ಕೆಟ್ಟ ಕೋಶದಂತೆಯೇ ನಟಿಸುತ್ತದೆ. ಕ್ಯಾಮೆರಾದ ಸುಖಕ್ಕೆಂದು ಎಸಿಯನ್ನು 20ಕ್ಕೆ ಇಟ್ಟ ಕೋಣೆಯಲ್ಲಿ, ವಾಟರ್ ಬಾತಿನ 37 ಡಿಗ್ರಿಯ ಬಫರ್ ಒಂದು ಮೀಟರ್ ಸಪೂರ ಕೊಳವೆ ದಾಟುವಷ್ಟರಲ್ಲಿ ತಣಿದಿರುತ್ತದೆ. ಹೀಟರನ್ನು ಚೇಂಬರಿನ ಬಾಯಿಗೇ ಕಟ್ಟಿ. ಹೀಟರಿನ ಪರದೆಯ ಅಂಕಿ ನಂಬದೆ ಸಪೂರ ಥರ್ಮೋಕಪಲ್ಲನ್ನು ಡಿಶ್‌ನೊಳಗೆ ಇಳಿಸಿ 35ರಿಂದ 37 ಇದೆಯೇ ನೋಡಿ. ಬಫರನ್ನು ಮೊದಲೇ ಬೆಚ್ಚಗೆ ಮಾಡಿ ಗುಳ್ಳೆ ಬಿಡಿಸಿಡಿ. ಕೊಳವೆಯಲ್ಲಿ ಹೊರಟ ಒಂದು ಗುಳ್ಳೆ ಡಿಶ್ ದಾಟಿದರೆ ಆವತ್ತಿನ ಕೆಲಸ ಮುಗಿದಂತೆ.

ರಾತ್ರಿ ಎಸಿ ಆರಿಸಿದರೆ ತಣ್ಣಗಿನ ಲೆನ್ಸಿನ ಮೇಲೆ ತೇವ ಕೂತು ಫಂಗಸ್ ಬರುತ್ತದೆ. ಡಿಹ್ಯುಮಿಡಿಫೈಯರ್ ಓಡುತ್ತಲೇ ಇರಲಿ. ಏಪ್ರಿಲ್-ಮೇ ಮತ್ತು ಅಕ್ಟೋಬರಿನಲ್ಲಿ ಬೆಳಗ್ಗೆಯೇ ಪ್ರಯೋಗ ಮುಗಿಸಿ, ಸಂಜೆ ಗುಡುಗು ಶುರುವಾದರೆ ಕರೆಂಟನ್ನು ನೆಚ್ಚುವಂತಿಲ್ಲ.

ಕೊಡುವ ಕ್ರಮ ಹೀಗೆ: 2.8 ಮಿಲಿಮೋಲಾರ್ ಗ್ಲೂಕೋಸ್ 5 ನಿಮಿಷ, 16.7 ಮಿಲಿಮೋಲಾರ್ 15 ನಿಮಿಷ, ಮರಳಿ 2.8ಕ್ಕೆ 10 ನಿಮಿಷ, 200 ಮೈಕ್ರೋಮೋಲಾರ್ ಟೋಲ್ಬ್ಯುಟಮೈಡ್ 5 ನಿಮಿಷ, 10 ನಿಮಿಷ ತೊಳೆತ, 250 ಮೈಕ್ರೋಮೋಲಾರ್ ಡಯಜಾಕ್ಸೈಡ್ 5 ನಿಮಿಷ, ಅದರ ಮೇಲೆಯೇ 30 ಮಿಲಿಮೋಲಾರ್ ಪೊಟ್ಯಾಸಿಯಂ 3 ನಿಮಿಷ, ಕೊನೆಗೆ 5 ಮೈಕ್ರೋಮೋಲಾರ್ ಅಯೊನೊಮೈಸಿನ್. ಎರಡೂ ಔಷಧಿಗಳ 100 ಮಿಲಿಮೋಲಾರ್ ಸ್ಟಾಕ್ ಡಿಎಂಎಸ್‌ಒದಲ್ಲಿ: ಟೋಲ್ಬ್ಯುಟಮೈಡ್ ಮಿಲಿಲೀಟರಿಗೆ 27 ಮಿಲಿಗ್ರಾಂ, ಡಯಜಾಕ್ಸೈಡ್ 23. ಎಲ್ಲ ಬಫರಿನಲ್ಲೂ ಡಿಎಂಎಸ್‌ಒ ಶೇ 0.25ಕ್ಕೆ ಸಮ ಮಾಡಿ.

ಗೆರೆಯನ್ನು ಓದುವುದು

ಆರೋಗ್ಯವಂತ ಐಲೆಟಿನಲ್ಲಿ ಹೆಚ್ಚಿನ ಗ್ಲೂಕೋಸ್ ತಲುಪಿದ ಕೂಡಲೇ ಗೆರೆ ಮೊದಲು ತುಸು ಕುಸಿಯುತ್ತದೆ. ಹೊಸ ಎಟಿಪಿ ಸಿಕ್ಕ ಸರ್ಕಾ ಪಂಪ್ ಕ್ಯಾಲ್ಸಿಯಂ ಅನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂಗೆ ಎಳೆದುಕೊಳ್ಳುವ ಗಳಿಗೆ ಅದು. ಆಮೇಲೆ ಕಡಿದಾದ ಏರು, ಅದರಿಂದ ಸ್ವಲ್ಪ ಇಳಿದು ಅಲೆಅಲೆಯಾದ ಓಟ. ಮಧುಮೇಹಿ ಡಿಬಿ/ಡಿಬಿ ಮೌಸ್‌ಗಳ ಐಲೆಟಿನಲ್ಲಿ ಆ ಮೊದಲ ಕುಸಿತವೇ ಕಾಣದು ಎಂದು 1994ರಲ್ಲೇ ವರದಿಯಾಗಿದೆ. ಐನ್ಸ್-1ರಲ್ಲಿ ಈ ಕುಸಿತ ಮಸುಕು, ಅಲೆಗಳೂ ಶಿಸ್ತಿಲ್ಲದವು. ಕಾಣಲಿಲ್ಲವೆಂದು ಗಾಬರಿಯಾಗಬೇಡಿ.

ಗ್ಲೂಕೋಸಿಗೆ ಏಳದೆ ಟೋಲ್ಬ್ಯುಟಮೈಡಿಗೆ ಎದ್ದರೆ ಕೆಡುಕು ಕೆ-ಎಟಿಪಿ ಮುಚ್ಚುವ ಹಂತದವರೆಗೆ ಎಲ್ಲೋ ಇದೆ: ಗ್ಲೂಕೋಕೈನೇಸ್, ಮೈಟೋಕಾಂಡ್ರಿಯಾ, ಇಲ್ಲವೇ ಎಟಿಪಿಗೆ ಮಣಿಯದ ಚಾನೆಲ್. ಈ ತರ್ಕ ಡಿಶ್ ದಾಟಿ ಆಸ್ಪತ್ರೆಗೂ ಹೋಗಿದೆ. ನವಜಾತ ಶಿಶುಗಳ ಒಂದು ಬಗೆಯ ಮಧುಮೇಹಕ್ಕೆ ಕಾರಣ ಕೆಸಿಎನ್‌ಜೆ-11 ಜೀನಿನ ದೋಷದಿಂದ ಎಟಿಪಿ ಬಂದರೂ ಮುಚ್ಚದ ಕೆ-ಎಟಿಪಿ ಚಾನೆಲ್ ಎಂದು 2004ರಲ್ಲಿ ಗೊತ್ತಾಯಿತು. ಟೋಲ್ಬ್ಯುಟಮೈಡಿನ ಕುಲದ ಸಲ್ಫೊನೈಲ್‌ಯೂರಿಯಾ ಮಾತ್ರೆ ಅದನ್ನು ಮುಚ್ಚಬಲ್ಲದು. 2006ರ ವರದಿಯಲ್ಲಿ 49 ರೋಗಿಗಳ ಪೈಕಿ 44 ಮಂದಿ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನೇ ನಿಲ್ಲಿಸಿದ್ದರು.

ಟೋಲ್ಬ್ಯುಟಮೈಡಿಗೂ ಏಳದೆ ಪೊಟ್ಯಾಸಿಯಂಗೆ ಎದ್ದರೆ ಕೆ-ಎಟಿಪಿ ಚಾನೆಲ್ಲಿನ ಕಡೆ ಬೊಟ್ಟು ಮಾಡಿ. ಪೊಟ್ಯಾಸಿಯಂಗೂ ಏಳದೆ ಅಯೊನೊಮೈಸಿನ್‌ಗೆ ಎದ್ದರೆ ಕ್ಯಾಲ್ಸಿಯಂ ಚಾನೆಲ್. ಅದಕ್ಕೂ ಏಳದಿದ್ದರೆ ಡೈ ಸತ್ತಿದೆ, ಕೋಶವೂ ಸತ್ತಿರಬಹುದು. ಆ ಡಿಶ್‌ನ ಅಂಕಿಗಳನ್ನು ಎಲ್ಲಿಯೂ ಸೇರಿಸಬೇಡಿ. ಇನ್ನೊಂದು ಬಗೆ ಇದೆ: 2.8ರಲ್ಲೇ ಬುಡದ ಗೆರೆ ಎತ್ತರ, ಮೇಲೇರಲು ಜಾಗವೇ ಇಲ್ಲ. ಇದು ದುಡಿದು ಬಳಲಿದ ಕೋಶ. ಹಿಂದಿನ ರಾತ್ರಿಯಿಡೀ ಡಯಜಾಕ್ಸೈಡ್ ಕೊಟ್ಟು ವಿಶ್ರಾಂತಿ ಕೊಟ್ಟ ಡಿಶ್ ಒಂದನ್ನು ಪಕ್ಕದಲ್ಲಿಟ್ಟು ನೋಡಿ. ಅದು ಚೇತರಿಸಿಕೊಂಡಿದ್ದರೆ ಕೆಡುಕು ಶಾಶ್ವತವಲ್ಲ.

ಒಳಗಿನ ಸಂಗ್ರಹ ಬರಿದಾಗಿದೆಯೇ ಎಂದು ತಿಳಿಯಲು ಬೇರೆ ಡಿಶ್ ಬೇಕು. ಕ್ಯಾಲ್ಸಿಯಂ ಇಲ್ಲದ, ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ 1 ಮಿಲಿಮೋಲಾರ್ ಇರುವ ಬಫರಿನಲ್ಲಿ ಡಯಜಾಕ್ಸೈಡ್ ಜೊತೆ 1 ಮೈಕ್ರೋಮೋಲಾರ್ ಥಾಪ್ಸಿಗಾರ್ಜಿನ್ ಕೊಡಿ. ಸರ್ಕಾ ನಿಂತು ಸಂಗ್ರಹ ಸೋರಿ ಗುಡ್ಡದಂಥ ಏರು ಬರುತ್ತದೆ. ಪಾಲ್ಮಿಟೇಟ್ ಕೋಶಗಳಲ್ಲಿ ಆ ಗುಡ್ಡ ತಗ್ಗಿದ್ದರೆ ಸಂಗ್ರಹ ಕುಂದಿದೆ. ಇಜಿಟಿಎ ಏಕೆಂದರೆ, ಕ್ಯಾಲ್ಸಿಯಂ ಹಾಕದಿದ್ದರೂ ನೀರಿನಲ್ಲೂ ಗಾಜಿನಲ್ಲೂ ಮೈಕ್ರೋಮೋಲಾರ್ ಲೆಕ್ಕದಲ್ಲಿ ಅದು ಇದ್ದೇ ಇರುತ್ತದೆ. ಬಾವಿ ನೀರಿನಲ್ಲಿ ತೊಳೆದ ಬಾಟಲಿಯಾದರೆ ಕೇಳುವುದೇ ಬೇಡ.

ಅಂಕಿಗೆ ಇಳಿಸುವಾಗ

ಕೋಶವಿಲ್ಲದ ಜಾಗದ ಹಿನ್ನೆಲೆಯನ್ನು ಎರಡೂ ತರಂಗಾಂತರಗಳ ಅಂಕಿಯಿಂದ ಬೇರೆಬೇರೆಯಾಗಿ ಕಳೆದ ಮೇಲೆಯೇ 340ರ ಅಂಕಿಯನ್ನು 380ರದರಿಂದ ಭಾಗಿಸಬೇಕು. ಆ ಅನುಪಾತವೇ ನಮ್ಮ ಗೆರೆ. ಹಿನ್ನೆಲೆ ಎರಡರಲ್ಲೂ 200 ಎನ್ನಿ. ಶುರುವಿನಲ್ಲಿ 340ರಲ್ಲಿ 600, 380ರಲ್ಲಿ 900. ಗ್ಲೂಕೋಸ್ ನಂತರ 800 ಮತ್ತು 700. ಕಳೆಯದೆ ಭಾಗಿಸಿದರೆ 0.67ರಿಂದ 1.14, ಅಂದರೆ 1.7 ಪಟ್ಟು. ಕಳೆದರೆ 0.57ರಿಂದ 1.20, 2.1 ಪಟ್ಟು. ಒಂದು ಡಿಶ್‌ನಲ್ಲಿ ತೊಳೆತ ಕಮ್ಮಿಯಾಗಿ ಹಿನ್ನೆಲೆ ಹೆಚ್ಚಿದ್ದರೆ ಸಾಕು, ಇಲ್ಲದ ರೋಗ ಹುಟ್ಟಿಕೊಳ್ಳುತ್ತದೆ. ಡೈ ಹಾಕದ ಒಂದು ಡಿಶ್‌ಗೂ ಗ್ಲೂಕೋಸ್ ಕೊಟ್ಟು ನೋಡಿ. ಗ್ಲೂಕೋಸ್ ಉರಿಯುವಾಗ ಹೆಚ್ಚುವ ಎನ್‌ಎಡಿಎಚ್ ಕೂಡ 340ರಲ್ಲಿ ಹೊಳೆಯುತ್ತದೆ.

ನ್ಯಾನೋಮೋಲಾರ್ ಅಂಕಿ ಬೇಕೇ ಬೇಕು ಎನ್ನುವವರು ಫಾಸ್ಫೇಟ್ ಇಲ್ಲದ ಬಫರಿನಲ್ಲಿ ಅಯೊನೊಮೈಸಿನ್ ಜೊತೆ 10 ಮಿಲಿಮೋಲಾರ್ ಇಜಿಟಿಎ ಕೊಟ್ಟು ಕನಿಷ್ಠ ಅನುಪಾತವನ್ನೂ, ಆಮೇಲೆ 10 ಮಿಲಿಮೋಲಾರ್ ಕ್ಯಾಲ್ಸಿಯಂ ಕೊಟ್ಟು ಗರಿಷ್ಠವನ್ನೂ ಅಳೆದು, 224 ನ್ಯಾನೋಮೋಲಾರ್ ಕೆಡಿಯೊಂದಿಗೆ (ಡೈಯ ಅರ್ಧ ಭಾಗ ಕ್ಯಾಲ್ಸಿಯಂ ಹಿಡಿಯುವ ಮಟ್ಟ) ಗ್ರಿಂಕೀವಿಚ್ ಮತ್ತು ಸಂಗಡಿಗರ 1985ರ ಸೂತ್ರಕ್ಕೆ ಹಾಕಬಹುದು. ಹೆಚ್ಚಿನ ಪ್ರಶ್ನೆಗಳಿಗೆ ಬರೀ ಅನುಪಾತವೇ ಸಾಕು, ಪ್ರಾಮಾಣಿಕವೂ ಹೌದು. ಒಂದು ಡಿಶ್‌ನ 40 ಕೋಶಗಳನ್ನು 40 ಪ್ರಯೋಗ ಎಂದು ಎಣಿಸಬೇಡಿ. ಎಣಿಕೆ ಡಿಶ್‌ನದು, ಅದೂ ಕನಿಷ್ಠ ಮೂರು ಬೇರೆ ಪ್ಯಾಸೇಜುಗಳಿಂದ.

ಕ್ಯಾಲ್ಸಿಯಂ ಸರಿಯಿದ್ದೂ ಇನ್ಸುಲಿನ್ ಬಾರದಿದ್ದರೆ

ಅದಕ್ಕಾಗಿಯೇ ಅದೇ ದಿನ, ಅದೇ ಪ್ಯಾಸೇಜಿನ 24 ಬಾವಿಯ (ಸಣ್ಣ ಗುಳಿಗಳ) ಪ್ಲೇಟನ್ನೂ ಇಡಬೇಕು. ಬಾವಿಗೆ ಎರಡು ಲಕ್ಷ ಕೋಶ, 48 ಗಂಟೆ. 2.8 ಮಿಲಿಮೋಲಾರಿನಲ್ಲಿ ಎರಡು ಗಂಟೆ ಹಸಿವಿಗೆ ಬಿಟ್ಟು, ಬಳಿಕ 500 ಮೈಕ್ರೋಲೀಟರಿನಲ್ಲಿ ಒಂದು ಗಂಟೆ 2.8, 16.7, ಅಥವಾ ಡಯಜಾಕ್ಸೈಡ್-ಪೊಟ್ಯಾಸಿಯಂ. ಮೇಲಿನ 300 ಮೈಕ್ರೋಲೀಟರ್ ತೆಗೆದು 4 ಡಿಗ್ರಿಯಲ್ಲಿ 300 ಜಿಯಲ್ಲಿ 5 ನಿಮಿಷ ತಿರುಗಿಸಿ, ತೇಲಿಬಂದ ಕೋಶ ಇನ್ಸುಲಿನ್ ಅಳೆಯುವ ಎಲೈಸಾ ಪರೀಕ್ಷೆಗೆ ಹೋಗದಿರಲಿ. ತಳದ ಕೋಶಗಳನ್ನು ಶೇ 75 ಎಥನಾಲ್, ಶೇ 1.5 ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ಇಟ್ಟು ಒಟ್ಟು ಇನ್ಸುಲಿನ್ ಅಳೆಯಿರಿ. ದಾಸ್ತಾನೇ ಖಾಲಿಯಾಗಿದ್ದರೆ ಸ್ರವಿಕೆಯನ್ನು ದೂರಿ ಫಲವಿಲ್ಲ. ದಾಸ್ತಾನು ಇದ್ದು, ಪೊಟ್ಯಾಸಿಯಂಗೆ ಕ್ಯಾಲ್ಸಿಯಂ ಏರಿಯೂ ಇನ್ಸುಲಿನ್ ಬಾರದಿದ್ದರೆ ಕೆಡುಕು ಗ್ರಾನ್ಯೂಲ್ ಪೊರೆಗೆ ಕೂಡುವಲ್ಲಿ, ಅಥವಾ ಅದು ಚಾನೆಲ್ಲಿನಿಂದ ದೂರ ಸರಿದದ್ದರಲ್ಲಿ.

ಒಂದು ಗಂಟೆಯ ಮೊತ್ತದಲ್ಲಿ ಮೊದಲ ಹತ್ತು ನಿಮಿಷದ ಕಥೆ ಮುಚ್ಚಿಹೋಗುತ್ತದೆ. ಟೈಪ್-2 ಮಧುಮೇಹದಲ್ಲಿ ಬೇಗ ಕಳೆದುಹೋಗುವುದು ಆ ಮೊದಲ ಹಂತದ ಸ್ರವಿಕೆಯೇ. ಬೇರೆ ಬಾವಿಗಳಿಂದ 5 ಮತ್ತು 10ನೇ ನಿಮಿಷದ ಮಾದರಿಯನ್ನೂ ತೆಗೆಯಿರಿ.

ಕೆಲಸ ಮುಗಿದ ಮೇಲೆ ಥಾಪ್ಸಿಗಾರ್ಜಿನ್, ಅಯೊನೊಮೈಸಿನ್ ಹರಿದ ಕೊಳವೆಗಳನ್ನು ಎಥನಾಲಿನಲ್ಲಿ, ನಂತರ ನೀರಿನಲ್ಲಿ ಹತ್ತು ಹತ್ತು ನಿಮಿಷ ಹರಿಸಿ ತೊಳೆಯಿರಿ, ಗ್ಲೌಸ್ ತೆಗೆಯದೆ. ಎಣ್ಣೆ ಗುಣದ ಇವು ಕೊಳವೆಯ ಗೋಡೆಗೆ ಅಂಟುತ್ತವೆ, ಥಾಪ್ಸಿಗಾರ್ಜಿನ್ ಸರ್ಕಾವನ್ನು ಹಿಡಿದರೆ ಬಿಡುವುದೂ ಇಲ್ಲ. ಕಂಟ್ರೋಲಿಗೆ ಬೇರೆಯೇ ಕೊಳವೆ ಮೀಸಲಿಟ್ಟು ಮೇಲೆ ಟೇಪ್ ಸುತ್ತಿ ಗುರುತು ಮಾಡಿಡಿ.